ವಾರಕ್ಕೊಂದು ಮಾತ್ರೆ, ಅದರ ಬೆನ್ನಿಗೆ ಅರ್ಧ ಗಂಟೆ

ಮೂಳೆ ಕಾಯಿಲೆಗೆ ಅಂತ ನಾನು ತಗೊಳ್ಳುವುದು ವಾರಕ್ಕೊಂದೇ ಮಾತ್ರೆ. ಕೇಳಿದವರು "ಅಷ್ಟೇನಾ?" ಅನ್ನುತ್ತಾರೆ. ಬಿಪಿಗೆ ದಿನಾ ಎರಡು, ಶುಗರ್‌ಗೆ ದಿನಾ ಮೂರು ನುಂಗುವವರ ಮಧ್ಯೆ ನನ್ನದು ಸುಖದ ಕಾಯಿಲೆ ಅಂತ ಅವರ ಲೆಕ್ಕ. ಆದರೆ ನಮ್ಮ ಮನೆಯ ಮದ್ದಿನ ಡಬ್ಬಿಯಲ್ಲಿ ಇದರಷ್ಟು ನಖರಾ ಮಾಡುವ ಮಾತ್ರೆ ಇನ್ನೊಂದಿಲ್ಲ. ಹೆಸರು ಅಲೆಂಡ್ರೊನೇಟ್, 70 ಮಿಲಿಗ್ರಾಂ. ಆಸ್ಟಿಯೋಪೊರೋಸಿಸ್‌ಗೆ, ಅಂದರೆ ಮೂಳೆ ಒಳಗೊಳಗೇ ಟೊಳ್ಳಾಗುತ್ತಾ ಬರುವ ಕಾಯಿಲೆಗೆ ಕೊಡುವ ಮದ್ದು.

ಮೊಣಕಾಲು ಸವೆದು ನೋಯುತ್ತದಲ್ಲ, ಅದು ಇದಲ್ಲ. ಅದು ಕೀಲಿನ ತೊಂದರೆ, ನೋವು ಕೊಟ್ಟು ಎಚ್ಚರಿಸುತ್ತದೆ. ಇದು ಮೂಳೆ ಮುರಿಯುವವರೆಗೂ ಸುಮ್ಮನಿರುತ್ತದೆ. ನನ್ನದು ಮುರಿದದ್ದು ಬಲಗೈ ಮಣಿಕಟ್ಟು. ಆಟಿ ತಿಂಗಳ ಮಳೆ, ಅಂಗಳದ ತುಂಬ ಪಾಚಿ, ಗೇಟಿಗೆ ಸಿಕ್ಕಿಸಿದ ಹಾಲಿನ ಪ್ಯಾಕೆಟ್ ತರಲು ಹೋದದ್ದು. ಜಾರಿದೆ, ಕೈ ಊರಿದೆ, ಅಷ್ಟೇ. ನಿಂತಲ್ಲಿಂದ ಬಿದ್ದು ಮೂಳೆ ಮುರಿಯಿತು ಅಂದರೆ ಜಾರಿದ್ದನ್ನು ಮಾತ್ರ ಬೈದುಕೊಂಡು ಕೂರಬಾರದು, ಮೂಳೆಯನ್ನೂ ನೋಡಬೇಕು ಅಂತ ಪ್ಲಾಸ್ಟರ್ ಹಾಕಿದ ಡಾಕ್ಟರೇ ಹೇಳಿದರು. ಆಗ ನನಗೆ 62. ಮುಟ್ಟು ಬೇಗ ನಿಂತಿತ್ತು. ಅಮ್ಮನಿಗೆ ಕೊನೆಗಾಲದಲ್ಲಿ ಸೊಂಟದ ಮೂಳೆ ಮುರಿದಿತ್ತು. ಎರಡನ್ನೂ ಅವರು ಚೀಟಿಯಲ್ಲಿ ಬರೆದುಕೊಂಡರು. ಸ್ಟೆರಾಯ್ಡ್ ಮಾತ್ರೆ ಜಾಸ್ತಿ ದಿನ ತಗೊಂಡದ್ದುಂಟಾ ಅಂತಲೂ ಕೇಳಿದರು. ಉಬ್ಬಸಕ್ಕೆ, ಸಂಧಿವಾತಕ್ಕೆ ತಿಂಗಳುಗಟ್ಟಲೆ ಸ್ಟೆರಾಯ್ಡ್ ತಿಂದವರ ಮೂಳೆ ಬೇಗ ತೆಳುವಾಗುತ್ತದಂತೆ. ನನಗೆ ಅದಿರಲಿಲ್ಲ.

ಮೂಳೆ ಎಷ್ಟು ದಟ್ಟ ಇದೆ ಅಂತ ಅಳೆಯುವ ಪರೀಕ್ಷೆಯ ಹೆಸರು ಡೆಕ್ಸಾ ಸ್ಕ್ಯಾನ್. ನಾವಿರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ, ಮಣಿಪಾಲಕ್ಕೆ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಸ್ಕ್ಯಾನ್ ಅಂದಕೂಡಲೇ ಸುರಂಗದೊಳಗೆ ನೂಕುತ್ತಾರೆ ಅಂತ ಹೆದರಿಕೊಂಡೇ ಹೋಗಿದ್ದೆ. ಹಾಗೆಲ್ಲ ಎಂತದೂ ಇಲ್ಲ. ಮೇಜಿನ ಮೇಲೆ ಮಲಗಿದರೆ ಆಯಿತು. ಮೇಲಿಂದ ಯಂತ್ರದ ತೋಳೊಂದು ನಿಧಾನಕ್ಕೆ ಸರಿಯುತ್ತದೆ. ಸೂಜಿ ಇಲ್ಲ, ನೋವಿಲ್ಲ. ಎಕ್ಸ್‌ರೇಯೇ, ಆದರೆ ತೀರಾ ಕಡಿಮೆ ಪ್ರಮಾಣದ್ದು. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿ ಅಂದಿದ್ದರು. ಬೆನ್ನುಮೂಳೆ ಮತ್ತು ಸೊಂಟ, ಎರಡು ಕಡೆ ಅಳೆದರು.

ರಿಪೋರ್ಟಿನಲ್ಲಿ ನೋಡಬೇಕಾದದ್ದು ಟಿ-ಸ್ಕೋರ್ ಅನ್ನುವ ಸಂಖ್ಯೆ. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ ಅಂತ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್. ನನ್ನ ಬೆನ್ನುಮೂಳೆಯದು ಮೈನಸ್ 2.9 ಇತ್ತು.

ಇಲ್ಲಿ ಒಂದು ಮಾತು. ಹಿಂದೊಮ್ಮೆ ನಮ್ಮ ಕಡೆಯ ಸಭಾಭವನದಲ್ಲಿ ಉಚಿತ ಮೂಳೆ ತಪಾಸಣೆ ಕ್ಯಾಂಪ್ ಆಗಿತ್ತು. ಹಿಮ್ಮಡಿಯನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು, ಚೀಟಿ ಹರಿದು ಕೊಟ್ಟು, "ನೀವು ಪಾಸ್" ಅಂತ ನಕ್ಕು ಕಳಿಸಿದ್ದರು. ಹಿಮ್ಮಡಿಯ ಆ ಪರೀಕ್ಷೆ ಜನರನ್ನು ಸೋಸಲು ಆದೀತು, ಅದನ್ನು ನಂಬಿ ಕಾಯಿಲೆ ಇದೆ ಅಂತಲೋ ಇಲ್ಲ ಅಂತಲೋ ತೀರ್ಮಾನ ಮಾಡುವ ಹಾಗಿಲ್ಲ. ನನ್ನ ಹಾಗೆ ಪಾಸಾಗಿ ಬಂದವರು ಉಡುಪಿಯಲ್ಲಿ ಇನ್ನೆಷ್ಟು ಜನ ಇದ್ದಾರೋ.

ಸ್ಕೋರ್ ನೋಡಿದ ಕೂಡಲೇ ಮಾತ್ರೆ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಮೊದಲು ರಕ್ತ ಪರೀಕ್ಷೆ. ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್, ಮತ್ತೆ ಕಿಡ್ನಿಗೆ ಕ್ರಿಯಾಟಿನಿನ್. ಒಂದೊಂದಕ್ಕೂ ಕಾರಣ ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವಾಗ ಈ ಮಾತ್ರೆ ಕೊಟ್ಟರೆ ಅದು ಇನ್ನೂ ಕೆಳಗೆ ಇಳಿಯುತ್ತದೆ. ವಿಟಮಿನ್ ಡಿ ಕಡಿಮೆ ಇದ್ದರೂ ಅದೇ ಅಪಾಯ. ಕಿಡ್ನಿ ತೀರಾ ಸೋತವರಿಗೆ ಈ ಮದ್ದನ್ನೇ ಕೊಡುವುದಿಲ್ಲ, ಸೋಸುವ ಪ್ರಮಾಣ ನಿಮಿಷಕ್ಕೆ 35 ಮಿಲಿಲೀಟರ್‌ಗಿಂತ ಕೆಳಗಿದ್ದರೆ ಬೇಡ ಅನ್ನುತ್ತಾರೆ. ನನ್ನ ಕಿಡ್ನಿ ಸರಿ ಇತ್ತು. ವಿಟಮಿನ್ ಡಿ ಮಾತ್ರ 14. ಇರಬೇಕಾದದ್ದು ಕಡೇ ಪಕ್ಷ 20. ಮಲ್ಪೆ ಸಮುದ್ರದ ಬಿಸಿಲಿಗೆ ಇಷ್ಟು ಹತ್ತಿರ ಇದ್ದೂ 14! ಮನೆಯೊಳಗೇ ಇರುವವರಿಗೆ, ಹೊರಗೆ ಹೋದರೂ ಕೊಡೆ ಹಿಡಿಯುವವರಿಗೆ ಬಿಸಿಲಿದ್ದು ಏನು ಪ್ರಯೋಜನ?

ಅದಕ್ಕೆ 60,000 ಯೂನಿಟ್‌ನ ಪುಡಿ ಪ್ಯಾಕೆಟ್ ಬರೆದರು. ವಾರಕ್ಕೊಂದು, ಹಾಲಿಗೆ ಹಾಕಿ ಕುಡಿಯುವುದು, 8 ವಾರ. ಇದನ್ನು ದಿನಾ ಕುಡಿದು ಆಸ್ಪತ್ರೆ ಸೇರಿದವರೂ ಇದ್ದಾರಂತೆ. ಸೇರದೆ ಏನು, 60,000 ಅನ್ನುವುದು ಒಂದು ದಿನದ ಲೆಕ್ಕ ಅಲ್ಲವಲ್ಲ. ಕ್ಯಾಲೆಂಡರಿನಲ್ಲಿ ಶನಿವಾರಗಳಿಗೆ ಹಸಿರು ಪೆನ್ನಿನಲ್ಲಿ ಗುರುತು ಹಾಕಿದೆ. ಕುಡಿದ ಮೇಲೆ ಅದರ ಮೇಲೊಂದು ಗೀಟು.

ಆ ಅವಧಿಯಲ್ಲೇ ಹಲ್ಲಿನ ಕೆಲಸವನ್ನೂ ಮುಗಿಸಿಕೊಂಡೆ. ಇದನ್ನು ಹೇಳಿದವಳು ನನ್ನ ತಂಗಿಯ ಮಗಳು. ಮಂಗಳೂರಿನಲ್ಲಿ ಫಾರ್ಮ್-ಡಿ, ಅಂದರೆ ಮದ್ದುಗಳ ಬಗ್ಗೆ ಓದುತ್ತಿದ್ದಾಳೆ. ಫೋನಿನಲ್ಲಿ ಮದ್ದಿನ ಹೆಸರು ಕೇಳಿದ್ದೇ, "ದೊಡ್ಡಮ್ಮ, ಕೀಳಿಸುವ ಹಲ್ಲು ಉಂಟಾ?" ಅಂದಳು. ಮೂಳೆ ಮದ್ದಿಗೂ ಹಲ್ಲಿಗೂ ಎಂತ ಸಂಬಂಧ ಅಂತ ನನಗೆ ನಗು. ಸಂಬಂಧ ಇದೆ. ಈ ಜಾತಿಯ ಮದ್ದು ತಗೊಳ್ಳುವ ಕೆಲವೇ ಕೆಲವರಲ್ಲಿ ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಮೂಳೆ ಹಾಳಾಗುತ್ತದೆ. ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಇಂಜೆಕ್ಷನ್ ತಗೊಳ್ಳುವವರಲ್ಲಿ ಇದು ಜಾಸ್ತಿ. ನಮ್ಮಂಥ ವಾರದ ಮಾತ್ರೆಯವರಲ್ಲಿ ತೀರಾ ಅಪರೂಪ. ಅಪರೂಪವೇ ಇರಲಿ, ಅಲ್ಲಾಡುವ ದವಡೆ ಹಲ್ಲೊಂದು ಹೇಗೂ ಇತ್ತು. ಕೀಳಿಸಿದೆ, ವಸಡು ಪೂರ್ತಿ ಮಾಗುವವರೆಗೆ ಕಾದೆ. ಈಗ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಮೊದಲ ಮಾತೇ ಈ ಮಾತ್ರೆಯದು.

ಕೊನೆಗೂ ಮಾತ್ರೆ ಕೈಗೆ ಬಂತು. ಒಂದು ಸ್ಟ್ರಿಪ್‌ನಲ್ಲಿ ನಾಲ್ಕು, ಅಂದರೆ ನಾಲ್ಕು ವಾರಕ್ಕೆ. ಮದ್ದಿನ ಅಂಗಡಿಯಲ್ಲಿ ಕಾಗದದ ಚೀಲಕ್ಕೆ ಹಾಕಿ, ಚೀಲದ ಮೇಲೆ "ವಾರಕ್ಕೆ 1, ಖಾಲಿ ಹೊಟ್ಟೆ" ಅಂತ ಬರೆದುಕೊಟ್ಟರು. ಅಷ್ಟೇ. ಒಳಗೆ ವಿವರದ ಚೀಟಿ ಇರಲಿಲ್ಲ. ಡಾಕ್ಟರ ಹತ್ತಿರ ಆ ದಿನ ಎಪ್ಪತ್ತು ಜನ ಕಾಯುತ್ತಿದ್ದರು, ಅವರೂ ಅದೇ ನಾಲ್ಕು ಶಬ್ದ ಹೇಳಿದ್ದರು. ಖಾಲಿ ಹೊಟ್ಟೆ ಅಂದರೆ ನಮ್ಮಲ್ಲಿ ಕಾಫಿ ಕುಡಿದ ಮೇಲೂ ಖಾಲಿಯೇ. ತಿಂಡಿ ತಿನ್ನುವವರೆಗೆ ಹೊಟ್ಟೆಗೆ ಏನೂ ಹೋಗಿಲ್ಲ ಅಂತಲೇ ಮಾತು. ಈ ಮಾತ್ರೆಯ ಮಟ್ಟಿಗೆ ಆ ಒಂದು ಲೋಟ ಕಾಫಿ ಕೆಲಸ ಕೆಡಿಸುತ್ತದೆ.

ಅದು ಹೇಗೆ ಅಂತ ತಂಗಿ ಮಗಳು ಆ ವಾರಾಂತ್ಯಕ್ಕೆ ಬಂದಾಗ ನಮ್ಮ ಅಡುಗೆಮನೆಯಲ್ಲೇ ಕೂತು ಪಾಠ ಮಾಡಿದಳು.

"ದೊಡ್ಡಮ್ಮ, ಇದರಲ್ಲಿ 70 ಮಿಲಿಗ್ರಾಂ ಉಂಟಲ್ಲ, ಅದರಲ್ಲಿ ನಿಮ್ಮ ಮೈಗೆ ಸೇರುವುದು ಎಷ್ಟು ಹೇಳಿ ನೋಡುವ?"

"ಅರ್ಧ?"

"ಅರ್ಧ ಮಿಲಿಗ್ರಾಂ ಕೂಡ ಇಲ್ಲ. ನೂರರಲ್ಲಿ ಒಂದು ಪಾಲೂ ಇಲ್ಲ. ಅದೂ ಬರೀ ನೀರಲ್ಲಿ ನುಂಗಿದರೆ. ಕಾಫಿಯಲ್ಲೋ ಕಿತ್ತಳೆ ರಸದಲ್ಲೋ ನುಂಗಿದರೆ ಆ ಚೂರಲ್ಲೂ ನೂರಕ್ಕೆ ಅರವತ್ತು ಹೋಯಿತು. ತಿಂಡಿ ಜೊತೆ ತಗೊಂಡರೆ ಸೊನ್ನೆ ಅಂತಲೇ ಲೆಕ್ಕ ಇಡಿ. ದುಡ್ಡು ಕೊಟ್ಟು ತಂದು ಟಾಯ್ಲೆಟ್ಟಿಗೆ ಹಾಕಿದ ಹಾಗೆ."

ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಇಂಥದ್ದು ಏನು ಹೊಟ್ಟೆಯಲ್ಲಿ ಸಿಕ್ಕಿದರೂ ಈ ಮದ್ದು ಅದಕ್ಕೆ ಅಂಟಿಕೊಂಡು ಬಿಡುತ್ತದೆ. ಹಾಗೆ ಅಂಟಿಕೊಂಡದ್ದು ರಕ್ತಕ್ಕೆ ಇಳಿಯುವುದಿಲ್ಲ. ಹಾಲು, ಆಂಟಾಸಿಡ್, ಕ್ಯಾಲ್ಸಿಯಂ ಮಾತ್ರೆ, ಮಿನರಲ್ ವಾಟರ್ ಎಲ್ಲ ಬೇಡ ಅನ್ನುವುದು ಅದಕ್ಕೇ. ಕಾರಣ ಗೊತ್ತಾದ ಮೇಲೆ ನಿಯಮ ಬಾಯಿಪಾಠ ಮಾಡುವ ಕಷ್ಟ ತಪ್ಪಿತು. ನಮ್ಮ ಮನೆಯಲ್ಲಿ ಕುಡಿಯುವುದು ಜೀರಿಗೆ ಹಾಕಿ ಕುದಿಸಿದ ನೀರು. ಅದು ಆದೀತಾ ಅಂತ ಕೇಳಿದೆ. "ಜೀರಿಗೆ, ಲಾವಂಚ ಎಂತದೂ ಬೇಡ ದೊಡ್ಡಮ್ಮ, ಬರೀ ನೀರು" ಅಂದಳು. ಮಾತ್ರೆಯ ಹಿಂದಿನ ರಾತ್ರಿ ಒಂದು ಚೊಂಬು ಬರೀ ನೀರು ಬೇರೆಯೇ ಮುಚ್ಚಿಡುತ್ತೇನೆ.

ನೀರಿನ ಪ್ರಮಾಣದ ಬಗ್ಗೆಯೂ ಅವಳು ಬಿಡಲಿಲ್ಲ. "ಒಂದು ಲೋಟ ಅಂದರೆ ಯಾವ ಲೋಟ?" ಅಂತ ಕೇಳಿ, ರೈಸ್ ಕುಕ್ಕರಿನ ಅಳತೆ ಕಪ್ಪು ತಂದು ನಮ್ಮ ಲೋಟಗಳನ್ನೆಲ್ಲ ಅಳೆದಳು. ಕಾಫಿ ಲೋಟದಲ್ಲಿ ಹಿಡಿಯುವುದು ಬೇಕಾದದ್ದರ ಅರ್ಧ ಮಾತ್ರ. ಬೇಕಾದದ್ದು 200ರಿಂದ 250 ಮಿಲಿಲೀಟರ್. ಕೊನೆಗೆ ಯಜಮಾನರ ಮಜ್ಜಿಗೆ ಲೋಟ ಸರಿಹೋಯಿತು. ಆ ಎತ್ತರದ ಸ್ಟೀಲ್ ಲೋಟದಲ್ಲಿ ಕಂಠದವರೆಗೆ ನೀರು, ಒಂದೇ ಸಲಕ್ಕೆ ಮಾತ್ರೆ ಒಳಗೆ, ಉಳಿದ ನೀರೂ ಪೂರ್ತಿ ಒಳಗೆ. ಚೀಪುವ ಹಾಗಿಲ್ಲ, ಜಗಿಯುವ ಹಾಗಿಲ್ಲ, ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಸಿಕ್ಕಿಸಿ ನುಂಗುವ ಹಾಗೂ ಇಲ್ಲ.

ಇಷ್ಟು ನೀರು ಯಾಕೆಂದರೆ ಈ ಮಾತ್ರೆ ಗಂಟಲಿನಿಂದ ಹೊಟ್ಟೆಗೆ ಹೋಗುವ ನಾಳದಲ್ಲಿ ಎಲ್ಲಾದರೂ ಅಂಟಿಕೊಂಡು ನಿಂತರೆ ಅಲ್ಲೇ ಸುಡುತ್ತದೆ, ಹುಣ್ಣಾಗುತ್ತದೆ. ಅಮೆರಿಕದಲ್ಲಿ 1995ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಮರುವರ್ಷವೇ ಅನ್ನನಾಳ ಸುಟ್ಟುಕೊಂಡವರ ವರದಿಗಳು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು. ಅವರಲ್ಲಿ ಹಲವರು ಕಡಿಮೆ ನೀರಿನಲ್ಲಿ ನುಂಗಿದವರು, ಇಲ್ಲವೇ ನುಂಗಿ ಮಲಗಿದವರು. ಆಗ ಇದು ದಿನಕ್ಕೊಂದು ಮಾತ್ರೆಯಾಗಿತ್ತು, ವಾರಕ್ಕೊಮ್ಮೆಯ 70 ಮಿಲಿಗ್ರಾಂ ಬಂದದ್ದು ಆಮೇಲೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಬಗ್ಗಬಾರದು, ತಿಂಡಿ ತಿನ್ನುವವರೆಗೂ ಬೆನ್ನು ನೇರ ಇರಬೇಕು ಅನ್ನುವ ಕಟ್ಟುನಿಟ್ಟಿನ ಹಿಂದೆ ಇಂಥವರು ಪಟ್ಟ ಪಾಡಿದೆ.

ಬೆಳಿಗ್ಗೆ ಆರಕ್ಕೆ ನುಂಗುತ್ತೇನೆ. ಅಡಿಗೆ ಕೆಲಸದಲ್ಲಿ ಬಗ್ಗುವುದು ಎಷ್ಟಿರುತ್ತದೆ ಅಂತ ಆಗಲೇ ಗೊತ್ತಾದದ್ದು. ಕೆಳಗಿನ ಕಪಾಟಿನಿಂದ ಬಾಣಲೆ, ನೆಲಕ್ಕೆ ಬಿದ್ದ ಕೊತ್ತಂಬರಿ, ತುಳಸಿಕಟ್ಟೆಯ ಬುಡಕ್ಕೆ ರಂಗೋಲಿ. ಹಾಗಾಗಿ ಆ ದಿನದ ಅರ್ಧ ಗಂಟೆ ಅಡುಗೆಮನೆ ಯಜಮಾನರದು. ಅವರು ಸೆಕೆಗೆ ಉಕ್ಕಿದ ದೋಸೆ ಹಿಟ್ಟು ಕದಡುತ್ತಾರೆ, ಫಿಲ್ಟರಿಗೆ ಬಿಸಿನೀರು ಹಾಕುತ್ತಾರೆ. ಡಿಕಾಕ್ಷನ್ ವಾಸನೆ ಚಾವಡಿಯವರೆಗೆ ಬರುತ್ತದೆ. ನಾನು ಗೇಟಿನಿಂದ ಬಾವಿಕಟ್ಟೆಯವರೆಗೆ ನಡೆದಾಡುತ್ತೇನೆ. ಮಳೆ ಇದ್ದರೆ ಜಗಲಿಯಲ್ಲಿ ಕುರ್ಚಿ ಹಾಕಿ ಪೇಪರ್ ಹಿಡಿಯುತ್ತೇನೆ. ಕಾಫಿ ವಾಸನೆ ಬರುವಾಗ ಗಡಿಯಾರ ಓಡುವುದೇ ಇಲ್ಲ, ಅದು ಬೇರೆ ಸಂಕಟ.

ನನಗೆ ಇದರ ಮೇಲೆ ಥೈರಾಯ್ಡ್ ಮಾತ್ರೆಯೂ ಇದೆ. ಅದೂ ಖಾಲಿ ಹೊಟ್ಟೆಗೇ ಬೇಕು ಅನ್ನುವ ಜಾತಿ. ಎರಡನ್ನೂ ಒಟ್ಟಿಗೆ ನುಂಗಬಹುದಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಮೊದಲು ಮೂಳೆಯದ್ದು, ಅರ್ಧ ಗಂಟೆ ಬಿಟ್ಟು ಥೈರಾಯ್ಡಿನದ್ದು, ಮತ್ತೆ ಅರ್ಧ ಗಂಟೆ ಬಿಟ್ಟು ಕಾಫಿ ಅಂದರು. ಇದು ನನಗೆ ಹೇಳಿದ ಕ್ರಮ, ಬೇರೆಯವರು ಅವರವರ ಡಾಕ್ಟರನ್ನೇ ಕೇಳಬೇಕು. ಅಂತೂ ಮಂಗಳವಾರ ನನ್ನ ಕಾಫಿ ಏಳಕ್ಕೆ.

ಮಂಗಳವಾರವೇ ಯಾಕೆ ಅಂದರೆ, ಭಾನುವಾರ ಇಟ್ಟುಕೊಳ್ಳಿ, ನೆನಪಿರುತ್ತದೆ ಅಂತ ಎಲ್ಲರೂ ಹೇಳಿದರು. ನಮ್ಮ ಕಡೆ ಭಾನುವಾರ ಅಂದರೆ ಎಲ್ಲಾದರೊಂದು ಕಡೆ ಮದುವೆ, ಗೃಹಪ್ರವೇಶ, ಇಲ್ಲವೇ ದೈವದ ಕೋಲ. ಬೆಳಿಗ್ಗೆ ಐದೂವರೆಗೆ ಹೊರಟು, ಕಾರಿನಲ್ಲಿ ತಲೆ ವಾಲಿಸಿ ನಿದ್ದೆ ಮಾಡಿ, ಇಳಿದ ಕೂಡಲೇ ಯಾರೋ ಕೈಗೆ ಬೆಲ್ಲ-ನೀರು ಕೊಡುತ್ತಾರೆ. ಬೇಡ ಅಂದರೆ ಅವರಿಗೆ ಬೇಜಾರು. ಮಂಗಳವಾರ ನಮ್ಮನ್ನು ಕರೆಯುವವರು ಕಡಿಮೆ.

ಹಾಗಿದ್ದೂ ಒಂದು ವರ್ಷ ಆಟಿ ಅಮಾವಾಸ್ಯೆಗೂ ನನ್ನ ಮಾತ್ರೆಗೂ ಜಗಳ ಹತ್ತಿತು. ಆ ದಿನ ಬೆಳಗಾಗುವ ಮೊದಲು ತಂದ ಹಾಲೆ ಮರದ ಕೆತ್ತೆಯ ಕಷಾಯ ಖಾಲಿ ಹೊಟ್ಟೆಗೆ ಕುಡಿಯಬೇಕು. ಮಾತ್ರೆಗೂ ಅದೇ ಖಾಲಿ ಹೊಟ್ಟೆ ಬೇಕು. ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ, ಕಷಾಯ ತಪ್ಪಿಸಲು ಬಿಡುವವರಲ್ಲ. "ನಿನ್ನ ಮಾತ್ರೆ ನಾಳೆಯೂ ಇರುತ್ತದೆ ಮಾರಾಯ್ತಿ, ಆಟಿ ಅಮಾವಾಸ್ಯೆ ನಾಳೆ ಬರುವುದಿಲ್ಲ" ಅಂದರು. ಆಶ್ಚರ್ಯ ಅಂದರೆ ಮದ್ದಿನ ನಿಯಮವೂ ಅವರ ಪಕ್ಷವೇ. ಒಂದು ವಾರದ ಮಾತ್ರೆ ತಪ್ಪಿದರೆ ನೆನಪಾದ ಮರುದಿನ ಬೆಳಿಗ್ಗೆ ಒಂದು ನುಂಗುವುದು, ಮುಂದಿನ ವಾರ ಮತ್ತೆ ಮಾಮೂಲಿ ದಿನಕ್ಕೆ ಬರುವುದು. ತಪ್ಪಿದ್ದಕ್ಕೆ ಸೇರಿಸಿ ಒಂದೇ ದಿನ ಎರಡು ನುಂಗುವುದು ಮಾತ್ರ ಯಾವತ್ತೂ ಕೂಡದು. ಕಹಿ ಕಷಾಯ ಕುಡಿದು, ಮೆಂತೆ ಗಂಜಿ ಉಂಡು, ಮಾತ್ರೆ ಬುಧವಾರಕ್ಕೆ ಹೋಯಿತು.

ಎದುರು ಮನೆಯ ಆಚಾರ್ಯರ ಹೆಂಡತಿಯೂ ಇದೇ ಮಾತ್ರೆಯವರು. ಅವರದು ಏಕಾದಶಿ, ಹನಿ ನೀರೂ ಇಲ್ಲದ ಉಪವಾಸ. ನೀರಿಲ್ಲದೆ ಮಾತ್ರೆ ನುಂಗುವುದಂತೂ ಸಾಧ್ಯವೇ ಇಲ್ಲ. ಅವರು ತಮ್ಮ ಡಾಕ್ಟರನ್ನು ಕೇಳಿ ಅಂಥ ವಾರ ದ್ವಾದಶಿಗೆ ತಗೊಳ್ಳುತ್ತಾರೆ. ಪಾರಣೆಯ ಮೊದಲು ಅರ್ಧ ಗಂಟೆ ಅವರಿಗೂ ಕಾಯುವ ಕೆಲಸ.

ಶುರುಮಾಡಿ ಕೆಲವು ತಿಂಗಳಾದ ಮೇಲೆ ಎದೆ ಉರಿ ಬಂತು. ಮಾತ್ರೆ ದಿನ ಮಾತ್ರ ಅಲ್ಲ, ಬೇರೆ ದಿನವೂ. ಈ ವಿಷಯದಲ್ಲಿ ಸುಮ್ನೆ ಸಹಿಸಿಕೊಂಡು ಕೂರಬಾರದು ಅಂತ ಮೊದಲೇ ಹೇಳಿದ್ದರು. ನುಂಗುವಾಗ ನೋವು, ಎದೆಯ ನಡುವೆ ಉರಿ, ಊಟ ಗಂಟಲಲ್ಲಿ ನಿಂತ ಹಾಗೆ, ಇದರಲ್ಲಿ ಯಾವುದು ಬಂದರೂ ಮುಂದಿನ ಮಾತ್ರೆ ನುಂಗದೆ ಫೋನ್ ಮಾಡಬೇಕು. ಮಾಡಿದೆ. ಕರೆಸಿ, ಬೇರೆ ಏನೇನು ತಗೊಳ್ಳುತ್ತೀರಿ, ಎಲ್ಲ ಡಬ್ಬಿ ತನ್ನಿ ಅಂದರು. ಮೊಣಕಾಲಿಗೆ ಅಂತ ಇನ್ನೊಂದು ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟ ನೋವಿನ ಮಾತ್ರೆ ಅದರಲ್ಲಿತ್ತು. ಅಲ್ಲಿ ಬರೆಯುವಾಗ ಯಾರೂ ನನ್ನನ್ನು ಬೇರೆ ಮದ್ದು ಉಂಟಾ ಅಂತ ಕೇಳಿರಲಿಲ್ಲ. ಆ ಜಾತಿಯ ನೋವಿನ ಮಾತ್ರೆ ತಾನೇ ಹೊಟ್ಟೆ ಸುಡುವಂಥದ್ದು, ಇದರ ಜೊತೆ ಸೇರಿದರೆ ಕೇಳಬೇಕೆ! ಎರಡನ್ನೂ ನಿಲ್ಲಿಸಿದರು. ಉರಿ ಇಳಿಯಿತು. ಆಮೇಲೆ ಮೂಳೆ ಮಾತ್ರೆ ಮಾತ್ರ ಪುನಃ ಶುರುವಾಯಿತು, ಮೊಣಕಾಲಿಗೆ ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮ. ಈಗ ಯಾವ ಡಾಕ್ಟರ ಹತ್ತಿರ ಹೋಗುವುದಾದರೂ ನನ್ನ ಎಲ್ಲ ಮದ್ದಿನ ಹೆಸರು ಬರೆದ ಚೀಟಿ ಪರ್ಸಿನಲ್ಲಿರುತ್ತದೆ. ಅವರು ಕೇಳದಿದ್ದರೂ ಮೇಜಿನ ಮೇಲೆ ಇಡುತ್ತೇನೆ.

ಕ್ಯಾಲ್ಸಿಯಂ ಮಾತ್ರೆಯ ಕತೆ ಚಿಕ್ಕದು. ನನ್ನದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಊಟದ ಜೊತೆಯೇ ಚೆನ್ನಾಗಿ ಸೇರುತ್ತದೆ. ಮಧ್ಯಾಹ್ನದ ಊಟಕ್ಕೆ ಒಂದು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಅದೂ ಸಿಕ್ಕಿತು. ನನ್ನ ವಯಸ್ಸಿನ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅಷ್ಟನ್ನೂ ಮಾತ್ರೆಯಿಂದಲೇ ತುಂಬಿಸಬೇಕಾಗಿಲ್ಲ. ಹಾಲು ಮೊಸರು ಇದೆ, ಎಳ್ಳಿದೆ, ಮುಳ್ಳು ಸಮೇತ ಹುರಿದ ಸಣ್ಣ ಬೂತಾಯಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಕುಚ್ಚಲಕ್ಕಿ ಗಂಜಿಯ ಮನೆಗೆ ರಾಗಿ ತರಲು ನಾನು ಪಟ್ಟ ಕಷ್ಟ ಬೇರೆಯೇ ಬರೆಯಬೇಕು. ಯಜಮಾನರು ಈಗಲೂ ರಾಗಿ ಮಣ್ಣಿ ಆದರೆ ಮಾತ್ರ ಮುಟ್ಟುತ್ತಾರೆ.

ಇಷ್ಟೆಲ್ಲ ಮಾಡಿ ಮದ್ದು ಒಳಗೆ ಹೋಗಿ ಎಂತ ಮಾಡುತ್ತದೆ? ನನಗೆ ಅರ್ಥವಾದದ್ದು ಹೀಗೆ. ನಮ್ಮ ಕಡೆಯ ಹಳೇ ಮುರಕಲ್ಲಿನ ಮನೆ ರಿಪೇರಿಗೆ ಎರಡು ಗುಂಪು ಬಂದಿದೆ ಅಂದುಕೊಳ್ಳಿ. ಒಂದು ಗುಂಪು ಸವೆದ ಕಲ್ಲು ಕೀಳುತ್ತದೆ, ಇನ್ನೊಂದು ಅಲ್ಲಿ ಹೊಸ ಕಲ್ಲು ಕೂರಿಸುತ್ತದೆ. ಮೂಳೆಯಲ್ಲೂ ಜೀವಕೋಶಗಳು ಜೀವಮಾನವಿಡೀ ಹೀಗೆ ಕೀಳುತ್ತಾ ಕಟ್ಟುತ್ತಾ ಇರುತ್ತವೆ. ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲೆ ಕೀಳುವವರ ಕೈ ಮೇಲಾಗುತ್ತದೆ, ಕಟ್ಟುವವರು ಹಿಂದೆ ಬೀಳುತ್ತಾರೆ. ಅಲೆಂಡ್ರೊನೇಟ್ ಮೂಳೆಯ ಮೇಲೆ ಕೂತು ಕೀಳುವವರ ಕೈ ಹಿಡಿಯುತ್ತದೆ. ಹೊಸ ಮೂಳೆ ಕಟ್ಟಿಕೊಡುವುದು ಅದರ ಕೆಲಸ ಅಲ್ಲ. ಕಟ್ಟಲು ಸಾಮಾನು ಬೇಕಲ್ಲ, ಅದಕ್ಕೇ ಕ್ಯಾಲ್ಸಿಯಂ, ವಿಟಮಿನ್ ಡಿ. ಮಾತ್ರೆ ನುಂಗುತ್ತೇನೆ, ಕ್ಯಾಲ್ಸಿಯಂ ಯಾಕೆ ಅನ್ನುವವರಿಗೆ ನಾನು ಈ ಮನೆ ರಿಪೇರಿಯನ್ನೇ ಹೇಳುವುದು.

ಒಮ್ಮೆ ಮೂಳೆಗೆ ಸೇರಿದ ಮದ್ದು ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ. ಇದಕ್ಕೆ ಲಾಭವೂ ಉಂಟು, ಎಚ್ಚರವೂ ಬೇಕು. ತುಂಬ ವರ್ಷ ತಗೊಂಡವರಲ್ಲಿ, ಅಪರೂಪಕ್ಕೆ, ತೊಡೆಯ ಮೂಳೆ ನಡುವಿನಲ್ಲೇ ಅಡ್ಡಕ್ಕೆ ಬಿರುಕು ಬಿಡುತ್ತದೆ. ಬೀಳದೆಯೇ. ಮುರಿಯುವ ಮೊದಲು ವಾರಗಟ್ಟಲೆ ತೊಡೆಯಲ್ಲೋ ತೊಡೆಸಂದಿಯಲ್ಲೋ ಸಣ್ಣ ನೋವು ಇರುತ್ತದಂತೆ. ವಯಸ್ಸಾಯಿತು, ಕಾಲು ನೋವು ಇದ್ದದ್ದೇ ಅಂತ ಎಣ್ಣೆ ತಿಕ್ಕಿ ಮಲಗುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ತೊಡೆ ನೋವು ಬಂದರೆ ತೋರಿಸಬೇಕು, ಎರಡೂ ತೊಡೆಯ ಎಕ್ಸ್‌ರೇ ತೆಗೆಸಬೇಕು. ಇದೇ ಕಾರಣಕ್ಕೆ ಮಾತ್ರೆಯನ್ನು ಕೊನೆಯಿಲ್ಲದೆ ಕೊಡುವುದೂ ಇಲ್ಲ. ಸುಮಾರು 5 ವರ್ಷ ಆದ ಮೇಲೆ ಕೂತು ಲೆಕ್ಕ ಹಾಕುತ್ತಾರೆ. ಮುರಿಯುವ ಅಪಾಯ ಇಳಿದಿದ್ದರೆ ಕೆಲವು ಕಾಲ ರಜೆ ಕೊಡುತ್ತಾರೆ, ಇಳಿಯದಿದ್ದರೆ ಮುಂದುವರಿಸುತ್ತಾರೆ ಅಥವಾ ಬೇರೆ ಮದ್ದಿಗೆ ಹೋಗುತ್ತಾರೆ.

ಇದನ್ನೆಲ್ಲ ಓದಿ ಹೆದರಿ ಮಾತ್ರೆ ಬಿಟ್ಟವರನ್ನೂ ನೋಡಿದ್ದೇನೆ. ನಮ್ಮ ವಾಕಿಂಗ್ ಗುಂಪಿನ ಒಬ್ಬರಿಗೆ ಮೊಬೈಲಿನಲ್ಲಿ ಯಾರೋ ದವಡೆ ಕೊಳೆತ ಫೋಟೊ ಕಳಿಸಿದ್ದರು. ಅಂದಿಗೇ ನಿಲ್ಲಿಸಿದರು, ಡಾಕ್ಟರಿಗೂ ಹೇಳಲಿಲ್ಲ. ನನಗೆ ಅಮ್ಮನ ಕೊನೆಯ ದಿನಗಳು ಗೊತ್ತು. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅವರು ಎದ್ದು ಬಚ್ಚಲಿಗೆ ನಡೆದದ್ದಿಲ್ಲ. ಅಪರೂಪಕ್ಕೆ ಆಗುವುದಕ್ಕೂ ಕಣ್ಣೆದುರೇ ಆದದ್ದಕ್ಕೂ ನಾನು ಒಂದೇ ತೂಕ ಕೊಡಲಾರೆ.

ಮಾತ್ರೆ ಎಷ್ಟು ಸರಿಯಾಗಿ ನುಂಗಿದರೂ ಬಿದ್ದರೆ ಮುರಿಯುವ ಅಪಾಯ ಇದ್ದೇ ಇದೆ. ಹಾಗಾಗಿ ಜೂನ್ ಬರುವ ಮೊದಲೇ ಅಂಗಳದ ಪಾಚಿ ಕೆರೆಸಿ ಬ್ಲೀಚಿಂಗ್ ಪುಡಿ ಹಾಕಿಸುತ್ತೇನೆ, ಗೇಟಿನವರೆಗೆ ಅಡಿಕೆ ಸೋಗೆ ಹಾಸುತ್ತೇವೆ. ಬಚ್ಚಲಿಗೆ ರಬ್ಬರ್ ಚಾಪೆ, ಗೋಡೆಗೆ ಹಿಡಿಕೆ, ರಾತ್ರಿ ಹೋಗುವ ದಾರಿಗೆ ಸಣ್ಣ ಬಲ್ಬ್. ಉಪ್ಪಿನಕಾಯಿ ಭರಣಿ ಅಟ್ಟದಿಂದ ಇಳಿದು ಸೊಂಟದೆತ್ತರದ ಕಪಾಟಿಗೆ ಬಂದಿದೆ. ಸ್ಟೂಲ್ ಹತ್ತುವುದು ನನಗೆ ಪೂರ್ತಿ ಬಂದ್. ಹಾಲಿನವನು ಈಗ ಪ್ಯಾಕೆಟ್ ಜಗಲಿಗೇ ತಂದಿಡುತ್ತಾನೆ.

ಎರಡನೇ ಸ್ಕ್ಯಾನ್ ಎರಡು ವರ್ಷ ಕಳೆದು ಆಯಿತು. ಅದೇ ಜಾಗ, ಅದೇ ಯಂತ್ರ. ಯಂತ್ರ ಬದಲಾದರೆ ಸಂಖ್ಯೆ ಹೋಲಿಸಲು ಕಷ್ಟ ಅಂದಿದ್ದರು. ಬೆನ್ನುಮೂಳೆ ಮೈನಸ್ 2.6ಕ್ಕೆ ಬಂದಿದೆ. ನನಗೆ ಸ್ವಲ್ಪ ನಿರಾಸೆಯೇ ಆಯಿತು, ಇಷ್ಟು ವ್ರತಕ್ಕೆ ಇಷ್ಟೇನಾ ಅಂತ. ಡಾಕ್ಟರ್ ಮಾತ್ರ ಖುಷಿಯಾದರು. ಇಳಿಯುತ್ತಿದ್ದದ್ದು ನಿಂತಿದೆ, ಈ ಮದ್ದಿನಿಂದ ನಾವು ಕೇಳುವುದು ಅದನ್ನೇ ಅಂದರು. ಸ್ಟ್ರಿಪ್ ಮುಂದುವರಿಯಿತು.

ಮೊನ್ನೆ ಪಕ್ಕದ ಮನೆಯ ಅಕ್ಕನಿಗೂ ಇದೇ ಕಾಯಿಲೆ ಅಂತ ಗೊತ್ತಾಯಿತು. ಅವರಿಗೆ ಬೆನ್ನು ಬಾಗಿದೆ, ಅರ್ಧ ಗಂಟೆ ನೆಟ್ಟಗೆ ಕೂರಲು ಆಗುವುದಿಲ್ಲ. ಹಾಗೆ ಕೂರಲಾಗದವರಿಗೆ ಈ ಮಾತ್ರೆ ಕೊಡುವುದಿಲ್ಲ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಹಾಕುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಹೇಳಿದ್ದಾರೆ. ಆರು ತಿಂಗಳಿಗೊಮ್ಮೆ ಚರ್ಮದಡಿ ಹಾಕುವ ಡೆನೊಸುಮ್ಯಾಬ್ ಅನ್ನುವುದೂ ಒಂದುಂಟಂತೆ, ಅದನ್ನು ನಡುವೆ ನಿಲ್ಲಿಸಿದರೆ ಬೆನ್ನುಮೂಳೆ ಪಟಪಟ ಮುರಿಯುವ ಅಪಾಯ ಉಂಟಂತೆ ಅಂತ ಗಾಬರಿಯಿಂದ ಕೇಳಿದರು. ಆ ಮಾತು ನಿಜ, ಆದರೆ ನಿಮಗೆ ಬರೆದದ್ದು ಅದಲ್ಲ ಅಂದೆ. ಜೊಲೆಡ್ರೊನಿಕ್ ಹಾಕಿಸಿದ ದಿನ ಚೆನ್ನಾಗಿ ನೀರು ಕುಡಿಯಿರಿ, ಮೊದಲ ಸಲ ಎರಡು-ಮೂರು ದಿನ ಜ್ವರ, ಮೈಕೈ ನೋವು ಬಂದರೆ ಹೆದರಬೇಡಿ, ಅದಕ್ಕೆ ಎಂತ ತಗೊಳ್ಳಬೇಕು ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ ಅಂತ ಹೇಳಿದೆ. ಆಮೇಲೆ ಅವರ ಫೈಲ್ ತೆರೆದು ನೋಡಿದೆ. ಡೆಕ್ಸಾ ಇತ್ತು, ಕ್ಯಾಲ್ಸಿಯಂ ಇತ್ತು. ಕ್ರಿಯಾಟಿನಿನ್ ಕಾಣಲಿಲ್ಲ, ವಿಟಮಿನ್ ಡಿಯೂ ಇರಲಿಲ್ಲ. ಸೋಮವಾರ ಇಂಜೆಕ್ಷನ್‌ಗೆ ಬರಹೇಳಿದ್ದಾರಂತೆ. ಅದಕ್ಕೆ ಮೊದಲು ಇವೆರಡನ್ನೂ ಮಾಡಿಸಬೇಕಾ ಅಂತ ಫೋನ್ ಮಾಡಿ ಕೇಳಿ ಅಂದೆ. ಜೊತೆಗೆ ಬಾಯಿ ತೆರೆಸಿ ಹಲ್ಲನ್ನೂ ನೋಡಿದೆ. ಎಡಗಡೆ ಒಂದು ಕೀಳಿಸುವಂಥದ್ದೇ ಉಂಟು.